ಜಾತ್ರೆಯಲ್ಲಿ ಕೈ ನೋಡಿ, ಮನೆಗೆ ಬಂದು ರದ್ದಿ ನೆನೆಹಾಕಿ

ಕರಕುಶಲ ಮೇಳಕ್ಕೆ ಹೋಗಿ ಬಂದವರ ಮನೆಯಲ್ಲಿ ಎರಡು ಇದ್ದೇ ಇರುತ್ತವೆ. ಗೋಡೆಗೆ ಹಾಕಬೇಕು ಅಂತ ತಂದು ಇನ್ನೂ ಕ್ಯಾರಿಬ್ಯಾಗಿನಲ್ಲೇ ಇರುವ ಒಂದು ಸಾಮಾನು, ಮೊಬೈಲಿನಲ್ಲಿ ಇನ್ನೂರು ಫೋಟೋ. ಆ ಫೋಟೋಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡಿಲ್ಲ. ಕೊಪ್ಪಳದಲ್ಲಿ ಕೂತು ಕಾಗದದ ಕೆಲಸ ಶುರು ಮಾಡಿ ಆರು ವರ್ಷ ಆಯಿತು. ಮೊದಲ ಎರಡು ವರ್ಷ ನಾನು ಮೇಳಗಳಿಂದ ತಂದದ್ದು ಬರೀ ಹೊಟ್ಟೆಕಿಚ್ಚು. ಇವರು ಎಷ್ಟು ಚೆಂದ ಮಾಡಿದ್ದಾರೆ, ನನ್ನ ಕೈಯಲ್ಲಿ ಇದು ಆಗುವುದಲ್ಲ ಬಿಡು ಅಂದುಕೊಂಡು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಮನೆಗೆ ಬರುತ್ತಿದ್ದೆ.

ಆಮೇಲೆ ರೂಢಿ ಬದಲಾಯಿಸಿದೆ. ಮಾಡಿಟ್ಟ ವಸ್ತು ನೋಡುವುದನ್ನು ಕಡಿಮೆ ಮಾಡಿ, ಮಾಡುವ ಕೈ ನೋಡಲು ಕಲಿತೆ. ಒಂದು ಮೇಳದಿಂದ ಒಂದೇ ಒಂದು ಕೈಚಳಕ ತರುವುದು, ಎಂಟು ದಿನದೊಳಗೆ ಅದನ್ನು ರದ್ದಿ ಕಾಗದದಲ್ಲಿ ಮಾಡಿ ನೋಡುವುದು. ಎಂಟು ದಿನ ದಾಟಿದರೆ ಮಾಡುವುದಿಲ್ಲ, ಇದು ನನ್ನ ಅನುಭವ. ಖರ್ಚು ಏನೂ ಜಾಸ್ತಿ ಇಲ್ಲ. ಸಮಯ ಬೇಕು, ಅದರಲ್ಲೂ ಒಣಗುವ ಸಮಯ.

ಹೊರಡುವ ಮುಂಚೆ ಒಂದು ಎ4 ಹಾಳೆ ಮಡಚಿ

ಮೇಳಕ್ಕೆ ಮೊಬೈಲ್ ಒಯ್ಯಿರಿ, ಆದರೆ ಕಿಸೆಯಲ್ಲಿ ಒಂದು ಪುಟ್ಟ ಪುಸ್ತಕವೂ ಇರಲಿ. ಇದನ್ನೇ ಮೊದಲ ಕಾಗದದ ಕೆಲಸ ಅಂತ ಲೆಕ್ಕ ಹಿಡಿಯಿರಿ. ಎ4 ಹಾಳೆಯನ್ನು ಉದ್ದಕ್ಕೆ ಒಂದು ಸಲ ಮಡಚಿ ಬಿಚ್ಚಿ, ಅಡ್ಡಕ್ಕೆ ಎರಡು ಸಲ ಮಡಚಿ ಬಿಚ್ಚಿ. ಎಂಟು ಮನೆ ಮೂಡುತ್ತವೆ. ಈಗ ಅಡ್ಡಕ್ಕೆ ಒಂದೇ ಸಲ ಮಡಚಿ, ಮಡಚಿದ ಕಡೆಯಿಂದ ನಡುವಿನ ಗೆರೆಯ ಮೇಲೆ ಕತ್ತರಿ ಹಾಕಿ, ಮುಂದಿನ ಗೆರೆ ಸಿಕ್ಕ ಕೂಡಲೇ ನಿಲ್ಲಿಸಿ. ಬಿಚ್ಚಿದರೆ ಹಾಳೆಯ ನಟ್ಟನಡುವೆ ಒಂದು ಸೀಳು ಕಾಣುತ್ತದೆ. ಸೀಳು ಮೇಲೆ ಬರುವ ಹಾಗೆ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಗೆ ತಳ್ಳಿ. ಸೀಳು ಬಾಯಿ ಬಿಡುತ್ತದೆ, ನಾಲ್ಕು ರೆಕ್ಕೆ ಮೂಡುತ್ತವೆ, ಅವನ್ನು ಸುತ್ತಿ ಒತ್ತಿದರೆ ಎಂಟು ಪುಟದ ಪುಸ್ತಕ. ಒಂದು ಪುಟ ಸುಮಾರು 7.4 ಸೆಂ.ಮೀ. ಅಗಲ, 10.5 ಸೆಂ.ಮೀ. ಉದ್ದ. ಅಂಟು ಬೇಡ, ಪಿನ್ ಬೇಡ.

ಎಂಟೇ ಪುಟ ಇರುವುದು ಒಳ್ಳೆಯದು. ಜಾಗ ಕಡಿಮೆ ಇದ್ದರೆ ಆರಿಸಿ ಬರೆಯುತ್ತೀರಿ. ನಾನು ಒಂದು ಪುಟದಲ್ಲಿ ಒಬ್ಬರ ಕೈ ಏನು ಮಾಡುತ್ತಿತ್ತು ಅಂತ ಬರೆಯುತ್ತೇನೆ, ಇನ್ನೊಂದರಲ್ಲಿ ಎರಡು ತುಂಡು ಹೇಗೆ ಜೋಡಿಸಿದ್ದರು ಅಂತ, ಮತ್ತೊಂದರಲ್ಲಿ ಕಣ್ಣಿಗೆ ಬಿದ್ದ ಬಣ್ಣದ ಜೋಡಿ. ಚಿತ್ರ ಬರೆಯಲು ಬರಲಿಲ್ಲ ಅಂದರೂ ಗೆರೆ ಎಳೆಯಿರಿ. ಫೋಟೋ ತೆಗೆದರೆ ಕಣ್ಣು ಕೆಲಸ ಬಿಡುತ್ತದೆ. ಗೆರೆ ಎಳೆಯುವಾಗ ಈ ತುದಿ ಎಲ್ಲಿ ಹೋಯಿತು ಅಂತ ಹುಡುಕಲೇಬೇಕಾಗುತ್ತದೆ.

ಎಲ್ಲಿಗೆ, ಯಾವಾಗ

ನಮ್ಮ ಕಡೆ ಜಾತ್ರೆಯೇ ಮೇಳ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ತೇರಿನ ದಿನ ಹೋದರೆ ದೇವರ ದರ್ಶನ ಆಗಬಹುದು, ಅಂಗಡಿಯ ದರ್ಶನ ಆಗುವುದಿಲ್ಲ, ಲಕ್ಷಗಟ್ಟಲೆ ಜನ ನಿಮ್ಮನ್ನು ತಾವೇ ಮುಂದಕ್ಕೆ ನೂಕಿಕೊಂಡು ಹೋಗುತ್ತಾರೆ. ಮೂರು ನಾಲ್ಕು ದಿನ ಬಿಟ್ಟು ಹೋಗಿ. ಅಂಗಡಿ ಇನ್ನೂ ಇರುತ್ತವೆ, ಜನ ಕಡಿಮೆ ಇರುತ್ತಾರೆ. ಹಂಪಿ ಉತ್ಸವ, ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವಗಳಲ್ಲೂ ಮಳಿಗೆಗಳಿರುತ್ತವೆ, ಆದರೆ ಇವುಗಳ ದಿನಾಂಕ ಪ್ರತಿ ವರ್ಷ ಒಂದೇ ಇರುವುದಿಲ್ಲ, ಕೆಲವು ವರ್ಷ ನಡೆಯುವುದೂ ಇಲ್ಲ, ಕೇಳಿಕೊಂಡು ಹೊರಡಿ. ಸ್ವಸಹಾಯ ಸಂಘಗಳ ಸರಸ್ ಮೇಳ ಹತ್ತಿರದ ಊರಿಗೆ ಬಂದರೆ ಬಿಡಬೇಡಿ, ಅಲ್ಲಿ ಮಾಡಿದವರೇ ಮಾರಲು ಕೂತಿರುತ್ತಾರೆ. ದೂರ ಹೋಗುವ ಮನಸ್ಸಿದ್ದರೆ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ, ಹರಿಯಾಣದಲ್ಲಿ ಸೂರಜ್‌ಕುಂಡ ಮೇಳ ಇವೆ. ಆದರೆ ಮೊದಲ ವರ್ಷ ಊರ ಜಾತ್ರೆ ಸಾಕು, ಅಲ್ವಾ?

ಹೊತ್ತು ಯಾವುದು ಅನ್ನುವುದು ಊರಿಗಿಂತ ಮುಖ್ಯ. ಬೆಳಿಗ್ಗೆ ಮಳಿಗೆಯ ಪರದೆ ತೆಗೆದು ಅರ್ಧ ಗಂಟೆಯಲ್ಲಿ ಹೋಗಿ. ಸಂಜೆ ಅವರು ವ್ಯಾಪಾರಿಗಳು. ಬೆಳಿಗ್ಗೆ ಕೈಯಲ್ಲಿ ಏನೋ ಕೆಲಸ ಹಿಡಿದು ಕೂತಿರುತ್ತಾರೆ.

ಮಳಿಗೆಯ ಮುಂದೆ ನಿಂತಾಗ

‘ಇದು ಎಷ್ಟಕ್ಕೆ?’ ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಇದರಲ್ಲಿ ಯಾವ ಕೆಲಸ ಕಷ್ಟ?’ ಅಂತ ಕೇಳಿ. ಆ ಮನುಷ್ಯ ವಸ್ತುವನ್ನು ತಿರುವಿ ಹಾಕಿ ಹಿಂದೆ ತೋರಿಸುತ್ತಾನೆ. ಹಿಂಭಾಗವೇ ಪಾಠ. ಅಂಟು ಎಲ್ಲಿ ಹಚ್ಚಿದ್ದಾರೆ, ಬಟ್ಟೆಪಟ್ಟಿ ಎಲ್ಲಿ ಇದೆ, ದಾರ ಎಲ್ಲಿ ಗಂಟು ಹಾಕಿದ್ದಾರೆ, ಎಲ್ಲಾ ಅಲ್ಲೇ ಕಾಣುತ್ತದೆ. ಇನ್ನೊಂದು ಪ್ರಶ್ನೆ, ‘ಕೆಟ್ಟದ್ದು ಏನಾದರೂ ಇದೆಯಾ, ಒಡೆದದ್ದು?’ ಒಡೆದ ತುಂಡು ಸಿಕ್ಕರೆ ಕೊಂಡುಕೊಳ್ಳಿ. ಪದರ ಪದರ ಕಾಣುತ್ತದೆ. ನನ್ನ ಮನೆಯಲ್ಲಿ ಇಂಥ ಒಡಕು ಸಾಮಾನುಗಳ ಒಂದು ಡಬ್ಬಿಯೇ ಇದೆ, ಮನೆಯವರಿಗೆ ಅದರ ಮೇಲೆ ಮೊದಲಿನಿಂದ ಕಣ್ಣು.

ಫೋಟೋಗೆ ಮೊದಲು ಕೇಳಿ. ಅರ್ಧ ಗಂಟೆ ಮಾತಾಡಿಸಿದ್ದರೆ ಒಂದು ಸಣ್ಣ ವಸ್ತುವಾದರೂ ಕೊಳ್ಳಿ, ಚೌಕಾಸಿ ಬೇಡ. ಅವರ ಸಮಯಕ್ಕೂ ಬೆಲೆ ಇದೆ.

ಕೈಕಾಗದ ಮಾರುವ ಮಳಿಗೆ ಸಿಕ್ಕರೆ ಸ್ವಲ್ಪ ಎಚ್ಚರ. ಜೈಪುರದ ಹತ್ತಿರ ಸಾಂಗಾನೇರ್ ಅಂತ ಊರಿದೆ, ಕೈಕಾಗದಕ್ಕೆ ಹೆಸರುವಾಸಿ, ಅಲ್ಲಿನ ಹಾಳೆ ಮೇಳಗಳಿಗೆ ಬರುತ್ತವೆ. ಜೊತೆಗೆ ಕೈಕಾಗದ ಅಂತ ಹೇಳಿ ಮಷೀನಿನ ಕಾಗದ ಮಾರುವವರೂ ಬರುತ್ತಾರೆ. ನಾನು ಒಮ್ಮೆ ಇಪ್ಪತ್ತು ಹಾಳೆ ತಂದು ಮನೆಗೆ ಬಂದು ಹರಿದು ನೋಡಿದಾಗ ಗೊತ್ತಾಯಿತು. ಪರೀಕ್ಷೆ ಸುಲಭ. ಮೂಲೆಯಿಂದ ಸಣ್ಣ ಚೂರು ಕೇಳಿ ಪಡೆಯಿರಿ. ಉದ್ದಕ್ಕೆ ಹರಿಯಿರಿ, ಅಡ್ಡಕ್ಕೆ ಹರಿಯಿರಿ. ಮಷೀನಿನಲ್ಲಿ ನಾರುಗಳು ಒಂದೇ ದಿಕ್ಕಿಗೆ ಮಲಗುತ್ತವೆ, ಹಾಗಾಗಿ ಒಂದು ಕಡೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ಕಡೆ ಅಡ್ಡಾದಿಡ್ಡಿ. ಕೈಯಲ್ಲಿ ಮಾಡಿದ ಹಾಳೆಯಲ್ಲಿ ನಾರು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತದೆ, ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಥರ ಹರಿಯುತ್ತದೆ. ನಾಲ್ಕೂ ಅಂಚು ತೆಳ್ಳಗೆ, ಗರಿಗರಿ ಇದ್ದರೆ ಅದು ಇನ್ನೊಂದು ಗುರುತು.

ಈ ದಿಕ್ಕಿನ ವಿಷಯ ಮಡಚುವ ಕೆಲಸಕ್ಕೂ ಬೇಕು. ಮಷೀನ್ ಕಾಗದವನ್ನು ನಾರಿನ ದಿಕ್ಕಿಗೆ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ. ಅಡ್ಡ ಮಡಚಿದರೆ ಒಡೆಯುತ್ತದೆ, ದಪ್ಪ ಕಾಗದದಲ್ಲಂತೂ ಎದ್ದು ಕಾಣುತ್ತದೆ.

ಕಿನ್ನಾಳದಿಂದ ಕಾಗದಕ್ಕೆ

ಕಿನ್ನಾಳ ಕೊಪ್ಪಳದ ಪಕ್ಕದಲ್ಲೇ ಇದೆ. ಅಲ್ಲಿನ ಚಿತ್ರಗಾರ ಮನೆತನಗಳ ಬಣ್ಣದ ಗೊಂಬೆಗಳಿಗೆ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಗುರುತು, ಇದೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಚಾವಣಿ ಚಿತ್ರಗಳನ್ನು ಬರೆದವರು ಇವರ ಹಿರಿಯರೇ ಅನ್ನುವ ಮಾತೂ ಉಂಟು. ಗೊಂಬೆ ಹಗುರ ಮರದ್ದು, ಕಾಗದಕ್ಕೂ ಅದಕ್ಕೂ ಏನು ಸಂಬಂಧ ಅಂತ ನಾನು ವರ್ಷಗಟ್ಟಲೆ ಅದರ ಮುಂದೆ ಸುಮ್ನೆ ಹಾದು ಹೋಗಿದ್ದೆ. ಒಮ್ಮೆ ಒಂದು ಗೊಂಬೆಯ ತಳ ನೋಡಿದಾಗ ತಲೆಗೆ ಹೊಳೆಯಿತು.

ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸುತ್ತಾರೆ. ಇದಕ್ಕೆ ಕಿಟ್ಟ ಅನ್ನುತ್ತಾರೆ. ಇದನ್ನು ಗೊಂಬೆಯ ಮೈಗೆಲ್ಲ ಕೈಯಿಂದ ಬಳಿದು, ಅದರ ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಒಡವೆಗಳು ಉಬ್ಬಿ ಕಾಣುತ್ತವಲ್ಲ, ಅದು ಕಲ್ಲಿನ ಪುಡಿ ಮತ್ತು ಅಂಟಿನ ಮಿಶ್ರಣದಿಂದ ಎಳೆದದ್ದು.

ಓದಿಕೊಳ್ಳುತ್ತಾ ಹೋಗಿ, ಇದು ಪೇಪರ್ ಮ್ಯಾಶೆಯ, ಅಂದರೆ ನೆನೆಸಿದ ಕಾಗದವನ್ನು ಅಂಟಿನ ಜೊತೆ ಕಲಸಿ ವಸ್ತು ಮಾಡುವ ಕೆಲಸದ, ಅಣ್ಣನೇ. ಸೆಣಬಿನ ಜಾಗದಲ್ಲಿ ರದ್ದಿ ಹಾಕಿದರೆ ನಮ್ಮ ಕೆಲಸ. ಅಂಟು, ನಾರು, ಬಟ್ಟೆ, ಬಿಳಿ ಲೇಪ, ಬಣ್ಣ, ಈ ಐದು ಪದರದ ಕ್ರಮ ಮಾತ್ರ ಬಿಡಬೇಡಿ. ನನ್ನ ಹಳೆಯ ಬಟ್ಟಲುಗಳೆಲ್ಲ ಬಿರುಕು ಬಿಟ್ಟದ್ದು ನಡುವೆ ಬಟ್ಟೆಯ ಪದರ ಇಲ್ಲದ್ದಕ್ಕೆ.

ಉಬ್ಬು ಗೆರೆಗೆ ಮನೆಯಲ್ಲಿ ಹೀಗೆ ಮಾಡಿ. ಸೀಮೆಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಎರಡು ಚಮಚ ಪುಡಿಗೆ ಒಂದು ಚಮಚ ಫೆವಿಕಾಲ್, ಕೆಲವು ಹನಿ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಮೆಹಂದಿ ಕೋನ್ ಮಾಡಿ ತುಂಬಿ. ಮೆಹಂದಿ ಹಾಕಲು ಬರುವವರಿಗೆ ಇದು ಮೊದಲ ದಿನವೇ ಬರುತ್ತದೆ. ಗೆರೆ ಎರಡು ಮಿ.ಮೀ.ಗಿಂತ ದಪ್ಪ ಬೇಡ, ಒಣಗುವಾಗ ಬಿರಿಯುತ್ತದೆ. ದಪ್ಪ ಬೇಕಿದ್ದರೆ ಒಂದು ರಾತ್ರಿ ಒಣಗಿಸಿ ಅದರ ಮೇಲೆ ಇನ್ನೊಂದು ಸಲ ಎಳೆಯಿರಿ.

ಒಂದು ಮಾತು. ಇಲ್ಲಿಂದ ಕಲಿತದ್ದನ್ನು ನಿಮ್ಮ ಬಟ್ಟಲಿಗೆ, ನಿಮ್ಮ ಡಬ್ಬಿಗೆ ಬಳಸಿ. ಕಾಗದದಲ್ಲಿ ಗರುಡನ ಗೊಂಬೆ ಮಾಡಿ ಕಿನ್ನಾಳ ಗೊಂಬೆ ಅಂತ ಹೆಸರಿಟ್ಟು ಮಾರಬೇಡಿ. ಆ ಹೆಸರು ಅವರದ್ದು.

ಮೆಂತ್ಯದ ಬುಟ್ಟಿ

ಮೇಳದಲ್ಲಿ ಪೇಪರ್ ಮ್ಯಾಶೆ ಬಟ್ಟಲನ್ನು ದುಡ್ಡು ಕೊಟ್ಟು ತಂದಾಗ ನನ್ನ ಅಜ್ಜಿ ನಕ್ಕಿದ್ದರು. ‘ಇದು ಮೆಂತ್ಯದ ಬುಟ್ಟಿ ಅಲ್ಲೇನ?’ ಅಂದರು. ಹಳೆಯ ಮನೆಗಳಲ್ಲಿ ಹೆಂಗಸರು ರದ್ದಿ ನೆನೆಸಿ, ಮೆಂತ್ಯ ಹಾಕಿ ಕುಟ್ಟಿ, ಕೊಡದ ಮೇಲೆ ಬಡಿದು ಬುಟ್ಟಿ ಮಾಡುತ್ತಿದ್ದರು. ಒಣ ಸಾಮಾನು ಹಾಕಿಡಲು. ಈಗ ಪ್ಲಾಸ್ಟಿಕ್ ಡಬ್ಬಿ ಬಂದು ಆ ಕೆಲಸ ಅಟ್ಟ ಹತ್ತಿದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶುರುವಾತು ನನಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಅರ್ಧ ಕಿಲೋ ದಿನಪತ್ರಿಕೆ ತಗೊಳ್ಳಿ. ಹೊಳೆಯುವ ಮ್ಯಾಗಜಿನ್ ಕಾಗದ ಬೇಡ, ಅದು ಬೇಗ ಕರಗುವುದಿಲ್ಲ. ಎರಡು ಬೆರಳಗಲ ಚೂರು ಹರಿಯಿರಿ, ಕತ್ತರಿ ಬೇಡ, ಹರಿದ ಅಂಚಿನಲ್ಲಿ ನಾರು ಬಿಚ್ಚಿಕೊಂಡಿರುತ್ತದೆ. ಬಕೆಟ್ಟಿನಲ್ಲಿ ಮೂರು ದಿನ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ನಮ್ಮ ಬೇಸಿಗೆಯಲ್ಲಿ ನೀರು ಬದಲಿಸದಿದ್ದರೆ ಎರಡನೇ ದಿನವೇ ನಾರುತ್ತದೆ. ಎರಡನೇ ರಾತ್ರಿ ಬೇರೆ ಪಾತ್ರೆಯಲ್ಲಿ ನೂರು ಗ್ರಾಂ ಮೆಂತ್ಯ ನೆನೆಹಾಕಿ. ಬೆಳಿಗ್ಗೆ ಲೋಳೆ ಬಿಟ್ಟಿರುತ್ತದೆ. ಆ ಲೋಳೆಯೇ ಅಂಟು. ಕಹಿ ಇರುವುದರಿಂದ ಹುಳವೂ ದೂರ ಇರುತ್ತದೆ ಅನ್ನುತ್ತಿದ್ದರು ಅಜ್ಜಿ. ಅದನ್ನು ನುಣ್ಣಗೆ ರುಬ್ಬಿ.

ಕಾಗದ ಹಿಂಡಿ ಒರಳಲ್ಲಿ ಕುಟ್ಟಿ. ಒರಳಿಲ್ಲದವರು ಮಿಕ್ಸಿ ಹಾಕುತ್ತಾರೆ, ಹಾಕಿ, ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಒಂದು ಬೊಗಸೆ ಕಾಗದಕ್ಕೆ ಜಾರಿನ ಮುಕ್ಕಾಲು ನೀರು ಇರಬೇಕು, ಇಪ್ಪತ್ತು ಸೆಕೆಂಡು ತಿರುಗಿಸಿ ನಿಲ್ಲಿಸಬೇಕು. ನಾನು ನೀರು ಕಡಿಮೆ ಹಾಕಿ ಜಾರು ತುಂಬಿ ತಿರುಗಿಸಿ, ಮೋಟಾರು ಸುಟ್ಟು, ಆವತ್ತಿನ ಚಟ್ನಿಗೂ ಗತಿ ಇಲ್ಲದ ಹಾಗೆ ಮಾಡಿದ್ದೆ. ಕಾಗದಕ್ಕೆ ಬಳಸಿದ ಜಾರನ್ನು ಮತ್ತೆ ಅಡುಗೆಗೆ ಬಳಸಬೇಡಿ, ಶಾಯಿ ಇರುತ್ತದೆ. ಉಳಿದ ನೀರನ್ನು ಬಚ್ಚಲಿಗೆ ಸುರಿಯಬೇಡಿ, ನಾರು ಕೂತು ಪೈಪು ಕಟ್ಟುತ್ತದೆ. ಬಟ್ಟೆಯಲ್ಲಿ ಸೋಸಿ ಆಮೇಲೆ ಚೆಲ್ಲಿ.

ಈಗ ಕಾಗದವನ್ನು ಬಟ್ಟೆಯಲ್ಲಿ ಹಾಕಿ ಹಿಂಡಿ, ಮೆಂತ್ಯ ಸೇರಿಸಿ ನಾದಿ. ಎಷ್ಟು ನಾದಬೇಕು ಅಂದರೆ ಜೋಳದ ಹಿಟ್ಟು ಬಡಿಯಲು ತಯಾರಾದ ಹಾಗೆ, ಬೆರಳಲ್ಲಿ ಒತ್ತಿದರೆ ಅಂಚು ಬಿರಿಯಬಾರದು. ಬಿರಿದರೆ ಮೆಂತ್ಯ ಸಾಲದು ಅಥವಾ ಕುಟ್ಟಿದ್ದು ಸಾಲದು. ನೀರು ಒಸರಿದರೆ ಇನ್ನೊಂದು ಸಲ ಹಿಂಡಿ.

ಒಂದು ಸ್ಟೀಲ್ ಬೋಗುಣಿ ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಸುಕ್ಕಿಲ್ಲದೆ ಹೊದಿಸಿ. ಬಾಯಿ ಅಗಲ, ತಳ ಸಣ್ಣ ಇರುವ ಬೋಗುಣಿಯೇ ಬೇಕು, ಕತ್ತು ಕಿರಿದಾದ ಪಾತ್ರೆಯಿಂದ ಒಣಗಿದ ಬುಟ್ಟಿ ಹೊರಗೆ ಬರುವುದಿಲ್ಲ. ಹಿಟ್ಟನ್ನು ಉಂಡೆ ಉಂಡೆ ಇಡುತ್ತಾ, ತಳದಿಂದ ಬಾಯಿಯ ಕಡೆಗೆ ಅಂಗೈಯಲ್ಲಿ ತಟ್ಟುತ್ತಾ ಬನ್ನಿ. ಎರಡು ಉಂಡೆ ಸೇರುವ ಜಾಗದಲ್ಲಿ ಹೆಬ್ಬೆರಳಿನಿಂದ ಉಜ್ಜಿ ಒಂದು ಮಾಡಿ. ದಪ್ಪ ಎಲ್ಲ ಕಡೆ ಕಿರುಬೆರಳಿನಷ್ಟು. ಒಂದು ಕಡೆ ತೆಳು, ಒಂದು ಕಡೆ ದಪ್ಪ ಇದ್ದರೆ ತೆಳು ಭಾಗ ಮೊದಲು ಒಣಗಿ ಎಳೆಯುತ್ತದೆ, ಬುಟ್ಟಿ ಸೊಟ್ಟ ಆಗುತ್ತದೆ.

ಒಣಗಿಸುವುದರಲ್ಲೇ ನಮ್ಮ ಊರಿನವರು ಎಡವುವುದು. ಇಲ್ಲಿ ಬಿಸಿಲು ಜಾಸ್ತಿ, ಗಾಳಿ ಒಣ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬೇಗ ಒಣಗುತ್ತದಲ್ಲ ಅಂತ ನೇರ ಬಿಸಿಲಿಗೆ ಇಟ್ಟರೆ ಹೊರಗೆ ಗಟ್ಟಿ, ಒಳಗೆ ಹಸಿ, ಸಂಜೆಗೆ ಬಿರುಕು. ಮೊದಲ ದಿನ ನೆರಳು. ಎರಡನೇ ದಿನ ಬೆಳಗಿನ ಬಿಸಿಲು. ಬಾಯಿಯ ಅಂಚು ಬಿಟ್ಟುಕೊಂಡಿತು ಅನ್ನಿಸಿದಾಗ ಬಟ್ಟೆ ಸಮೇತ ಎತ್ತಿ, ಬೋಗುಣಿ ತೆಗೆದು, ಬುಟ್ಟಿಯ ಒಳಗನ್ನು ಬಿಸಿಲಿಗೆ ತೋರಿಸಿ. ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಿ. ಮಂದ ಶಬ್ದ ಬಂದರೆ ಇನ್ನೂ ಹಸಿ, ಟಕಟಕ ಅಂದರೆ ಆಯಿತು. ಮಳೆಗಾಲದಲ್ಲಿ ಈ ಕೆಲಸಕ್ಕೇ ಕೈ ಹಾಕಬೇಡಿ, ಬೂಷ್ಟು ಬರುತ್ತದೆ.

ಆಮೇಲೆ ಕಿನ್ನಾಳದ ಪಾಠ. ಹಳೆಯ ಪಂಚೆಯ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಅಂಚಿಗೆ ಮತ್ತು ತಳಕ್ಕೆ ಸುತ್ತಿ. ಅಂಟು ಅಂದರೆ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ನೀರು ಹಾಕಿ ಸಣ್ಣ ಉರಿಯಲ್ಲಿ ಗಂಜಿಯಂತೆ ಕಾಯಿಸಿದ್ದು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಒಂದು ಬಟ್ಟಲು ಮೈದಾಗೆ ನಾಲ್ಕೈದು ಬಟ್ಟಲು ತಣ್ಣೀರು, ಗಂಟಿಲ್ಲದಂತೆ ಕಲಸಿ ಕಾಯಿಸಿ. ಹುಳ ಬರದಿರಲಿ ಅಂತ ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಎರಡು ಮೂರು ದಿನಕ್ಕೆ ಸಾಲುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ, ವಾಸನೆ ಬಂದರೆ ಚೆಲ್ಲಿ. ಬಟ್ಟೆ ಒಣಗಿದ ಮೇಲೆ ಸುಣ್ಣ ಅಥವಾ ಬಿಳಿ ಅಕ್ರಿಲಿಕ್ ಒಂದು ಕೈ, ಅದರ ಮೇಲೆ ಕೆಮ್ಮಣ್ಣು ಅಥವಾ ನಿಮಗೆ ಬೇಕಾದ ಬಣ್ಣ. ಬುಟ್ಟಿಯಲ್ಲಿ ಬೆಳ್ಳುಳ್ಳಿ, ದಾರದ ಉಂಡೆ, ಬಳೆ ಇಡಿ. ರೊಟ್ಟಿ, ಮಂಡಕ್ಕಿ ನೇರವಾಗಿ ಹಾಕಬೇಡಿ, ಪತ್ರಿಕೆಯ ಶಾಯಿ ಹೊಟ್ಟೆಗೆ ಹೋಗುವುದು ಬೇಡ.

ತೊಗಲುಗೊಂಬೆಯ ತೂತು, ಆಕಾಶಬುಟ್ಟಿಗೆ

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಗಲುಗೊಂಬೆ ಎಲ್ಲರ ಬಾಯಲ್ಲಿ ಬಂತು. ಉತ್ಸವಗಳಲ್ಲಿ ತೊಗಲುಗೊಂಬೆ ಸಿಕ್ಕರೆ ಅದನ್ನು ಹಗಲು ಬೆಳಕಿಗೆ ಹಿಡಿದು ನೋಡಿ. ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿರುತ್ತಾರೆ, ಬಣ್ಣ ಹೊಳೆಯುತ್ತದೆ. ಒಡವೆ, ಸೀರೆಯ ಅಂಚು ಎಲ್ಲಾ ಬಣ್ಣದ್ದಲ್ಲ, ತೂತಿನದ್ದು. ಸಾಲು ಸಾಲು ತೂತು. ಪರದೆಯ ಹಿಂದೆ ದೀಪ ಇಟ್ಟಾಗ ಆ ತೂತುಗಳೇ ಮುತ್ತು, ರತ್ನ ಆಗುತ್ತವೆ. ಬಣ್ಣ ಹಚ್ಚಿ ಒಡವೆ ಮಾಡುವುದು ಒಂದು ಯೋಚನೆ, ಇದ್ದದ್ದನ್ನು ತೆಗೆದು ಒಡವೆ ಮಾಡುವುದು ಇನ್ನೊಂದು. ಇದು ನನ್ನ ಪುಸ್ತಕದ ಒಂದು ಪುಟ ತುಂಬಿತು, ಆ ದೀಪಾವಳಿಗೆ ಆಕಾಶಬುಟ್ಟಿ ಆಯಿತು.

ಅಂಗಡಿಯ ಚಾರ್ಟ್ ಶೀಟ್ ಸುಮಾರು 56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದ ಇರುತ್ತದೆ. ಕಪ್ಪು ಅಥವಾ ಕಡುನೀಲಿ ತನ್ನಿ. ಉದ್ದಕ್ಕೆ ಎರಡು ಮಾಡಿದರೆ 28 ಸೆಂ.ಮೀ. ಎತ್ತರದ ಎರಡು ಪಟ್ಟಿ, ಅಂದರೆ ಒಂದು ಶೀಟಿಗೆ ಎರಡು ಬುಟ್ಟಿ. ಒಂದು ತುದಿಯಲ್ಲಿ 2 ಸೆಂ.ಮೀ. ಅಂಟಿಸಲು ಬಿಡಿ, ಉಳಿದ 69 ಸೆಂ.ಮೀ.ಗೆ 11.5ರಂತೆ ಆರು ಮುಖ. ಖಾಲಿ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೆರೆ ಒತ್ತಿ, ಆದರೆ ಈಗಲೇ ಮಡಚಬೇಡಿ.

ನಕ್ಷೆಯನ್ನು ಮೊದಲು ರದ್ದಿ ಕಾಗದದ ಮೇಲೆ ಬರೆಯಿರಿ. ಎಲ್ಲಿಂದ ತರುವುದು? ಇಂಟರ್‌ನೆಟ್ ಬಿಡಿ. ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿ, 1112ರಲ್ಲಿ ಕಟ್ಟಿದ್ದು, ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಅಲ್ಲಿನ ಬಾಗಿಲುವಾಡದ ಬಳ್ಳಿ ಒಂದೇ ಸಾಕು, ನಾಲ್ಕು ವರ್ಷದ ದೀಪಾವಳಿಗೆ ಆಗುತ್ತದೆ. ಅಷ್ಟು ದೂರ ಆಗದಿದ್ದರೆ ಅಮ್ಮನ ಇಳಕಲ್ ಸೀರೆ ತೆಗೆಯಿರಿ, ಸೆರಗಿನ ಹಲ್ಲುಹಲ್ಲು ತೆನೆ ಬುಟ್ಟಿಯ ಕೆಳ ಅಂಚಿಗೆ ಹೇಳಿ ಮಾಡಿಸಿದ್ದು.

ತೂತು ಹೊಡೆಯಲು ಮೂರು ಗಾತ್ರದ ಮೊಳೆ, ಕೆಳಗೆ ಹಳೆಯ ಹವಾಯಿ ಚಪ್ಪಲಿ. ನಗಬೇಡಿ, ಚಪ್ಪಲಿಯ ರಬ್ಬರಿಗಿಂತ ಒಳ್ಳೆಯ ಮಣೆ ಸಿಗುವುದಿಲ್ಲ, ಮೊಳೆ ಇಳಿದು ನಿಲ್ಲುತ್ತದೆ, ಕಾಗದ ಹರಿಯುವುದಿಲ್ಲ. ಎರಡು ತೂತಿನ ನಡುವೆ ಒಂದು ತೂತಿನಷ್ಟಾದರೂ ಕಾಗದ ಉಳಿಯಬೇಕು. ಮಡಿಕೆಯ ಗೆರೆಯ ಮೇಲೆ ತೂತು ಬೇಡ, ಅಲ್ಲೇ ಹರಿಯುತ್ತದೆ. ಮೇಲೆ ಕೆಳಗೆ ಎರಡೂವರೆ ಸೆಂ.ಮೀ. ಖಾಲಿ ಬಿಡಿ. ಹೊರಮುಖದಿಂದ ಹೊಡೆಯಿರಿ, ಎದ್ದ ಗರಿ ಒಳಗೆ ಹೋಗುತ್ತದೆ. ಒಂದು ಮುಖಕ್ಕೆ ನನಗೆ ಒಂದು ಗಂಟೆ ಬೇಕು. ಆರೂ ಮುಖಕ್ಕೆ ಬೇಸರ ಆದರೆ ಒಂದು ಬಿಟ್ಟು ಒಂದು ಮಾಡಿ, ಯಾರೂ ಕೇಳುವುದಿಲ್ಲ.

ಒಳಗಡೆಯಿಂದ ಗಾಳಿಪಟದ ಬಣ್ಣದ ಕಾಗದ ಅಂಟಿಸಿ, ಆಮೇಲೆ ಮಡಚಿ, ತುದಿ ಸೇರಿಸಿ ಅಂಟಿಸಿ. ಮೇಲಿನ ಮತ್ತು ಕೆಳಗಿನ ಅಂಚಿಗೆ ಒಳಗಿನಿಂದ ರಟ್ಟಿನ ಪಟ್ಟಿ ಕೊಟ್ಟರೆ ಆಕಾರ ನಿಲ್ಲುತ್ತದೆ. ದಾರ ಮೂರು ಕಡೆ ಕಟ್ಟಿ, ಎರಡು ಕಡೆ ಕಟ್ಟಿದರೆ ಗಾಳಿಗೆ ವಾಲುತ್ತದೆ. ಬಾಲಂಗೋಚಿ ನಿಮ್ಮ ಇಷ್ಟ. ಒಳಗೆ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ, ಎಣ್ಣೆ ದೀಪ ಬೇಡ.

ತೊಗಲಿನ ಹಾಗೆ ಕಾಗದವೇ ಹೊಳೆಯಬೇಕು ಅನ್ನುವವರು ಬಿಳಿ ಡ್ರಾಯಿಂಗ್ ಶೀಟ್ ಬಳಸಿ. ತೂತು, ಬಣ್ಣ, ಅಂಟಿಸುವುದು ಎಲ್ಲಾ ಮುಗಿದ ಮೇಲೆ ಶೇಂಗಾ ಎಣ್ಣೆಯನ್ನು ಹತ್ತಿಯಲ್ಲಿ ತೆಳ್ಳಗೆ ಸವರಿ ಒಂದು ದಿನ ನೇತುಹಾಕಿ. ಬೆಳಕು ಹಾಯುತ್ತದೆ. ಎಣ್ಣೆ ಮೊದಲು ಹಚ್ಚಿದರೆ ಫೆವಿಕಾಲ್ ಹಿಡಿಯುವುದಿಲ್ಲ. ಇದು ಗೊತ್ತಾಗಲು ನನಗೆ ಎರಡು ಬುಟ್ಟಿ ಹಾಳಾದವು.

ಇನ್ನೆರಡು ಮೂರು ಸಣ್ಣ ವಿಷಯ

ಸಂಡೂರಿನ ಲಂಬಾಣಿ ಕಸೂತಿ ನೋಡಿ ಕಾರ್ಡಿನ ಮೇಲೆ ಹೊಲಿಗೆ ಹಾಕಬೇಕು ಅನ್ನಿಸುತ್ತದೆ. ಸೂಜಿಯಿಂದ ಮೊದಲು ಎಲ್ಲ ತೂತು ಮಾಡಿಕೊಳ್ಳಿ, ಆಮೇಲೆ ದಾರ. ಹೊಲಿಯುತ್ತಾ ತೂತು ಮಾಡಿದರೆ ಕಾಗದ ಸೀಳುತ್ತದೆ.

ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆ ನಾರಿನ ಕೈಕೆಲಸ ನಡೆಸುತ್ತಾ ಬಂದಿದೆ. ಬಾಳೆ ನಾರನ್ನು ಕಾಗದಕ್ಕೂ ಬಳಸಬಹುದು. ಒಂದು ಸೆಂ.ಮೀ. ಚೂರು ಕತ್ತರಿಸಿ, ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಎರಡು ಮೂರು ಗಂಟೆ ಕುದಿಸಿ, ಚೆನ್ನಾಗಿ ತೊಳೆದು, ಕುಟ್ಟಿ ರದ್ದಿಯ ಜೊತೆ ಬೆರೆಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಸ್ಟೀಲ್ ಇರಲಿ, ಕೈಗೆ ಗ್ಲೌಸ್ ಇರಲಿ.

ಹಾಳೆ ಎತ್ತಲು, ಅಂದರೆ ಕೈಕಾಗದ ಮಾಡಲು, ಒಂದೇ ಅಳತೆಯ ಎರಡು ಹಳೆಯ ಫೋಟೋ ಫ್ರೇಮ್ ಬೇಕು, ಒಂದಕ್ಕೆ ಸೊಳ್ಳೆ ಜಾಲರಿ ಬಿಗಿಯಾಗಿ ಹೊಡೆಯಿರಿ. ಅಗಲ ಟಬ್ಬಿನಲ್ಲಿ ನೀರು, ಅದಕ್ಕೆ ಎರಡು ಮೂರು ಬೊಗಸೆ ಕುಟ್ಟಿದ ಕಾಗದದ ತಿರುಳು. ಜಾಲರಿ ಮೇಲ್ಮುಖ ಮಾಡಿ, ಅದರ ಮೇಲೆ ಖಾಲಿ ಫ್ರೇಮ್ ಇಟ್ಟು ಎರಡನ್ನೂ ಹಿಡಿದು ಓರೆಯಾಗಿ ಮುಳುಗಿಸಿ, ಒಳಗೆ ಸಮ ಮಾಡಿ, ಮೇಲಕ್ಕೆ ಎತ್ತಿ. ಎತ್ತಿದ ಕೂಡಲೇ ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಒಮ್ಮೊಮ್ಮೆ ಅಲುಗಿಸಿ, ನಾರು ಹೆಣೆಯುವುದು ಆವಾಗಲೇ. ನೀರು ಇಳಿದ ಮೇಲೆ ಖಾಲಿ ಫ್ರೇಮ್ ತೆಗೆದು, ಒದ್ದೆ ಪಂಚೆಯ ಮೇಲೆ ಬೋರಲು ಹಾಕಿ, ಹಿಂದಿನಿಂದ ಸ್ಪಂಜಿನಲ್ಲಿ ನೀರು ಹೀರಿ, ಜಾಲರಿಯನ್ನು ಒಂದು ಅಂಚಿನಿಂದ ಮೆಲ್ಲಗೆ ಎತ್ತಿ. ಮೊದಲ ನಾಲ್ಕು ಹಾಳೆ ಹರಿಯುತ್ತವೆ, ತಿರುಗಿ ಟಬ್ಬಿಗೇ ಹಾಕಿ, ನಷ್ಟ ಏನಿಲ್ಲ. ಒಣಗಿದ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡುತ್ತದೆ. ಹರಡಬಾರದು ಅಂದರೆ ಗಂಗಾವತಿ ಸೋನಾ ಮಸೂರಿಯ ತೆಳು ಗಂಜಿಯನ್ನು ಬ್ರಷ್ಷಿನಲ್ಲಿ ಎರಡೂ ಕಡೆ ಸವರಿ, ಒಣಗಿಸಿ, ಎರಡು ದಪ್ಪ ಪುಸ್ತಕದ ನಡುವೆ ಒಂದು ರಾತ್ರಿ ಒತ್ತಿಡಿ.

ಕೊನೆಗೆ ಟಬ್ಬಿನಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಹಿಂಡಿ, ಲಾಡಿನಂತೆ ಉಂಡೆ ಕಟ್ಟಿ ಮಾಳಿಗೆಯ ಮೇಲೆ ಒಣಗಿಸಿ ಡಬ್ಬಿಗೆ ಹಾಕಿಡಿ. ಬೇಕಾದಾಗ ಪುಡಿ ಮಾಡಿ ಒಂದು ರಾತ್ರಿ ನೆನೆಸಿದರೆ ತಿರುಗಿ ಕೆಲಸಕ್ಕೆ ಬರುತ್ತದೆ. ಒಣಗಿಸುವಾಗ ಮೇಲೆ ಜಾಲರಿ ಮುಚ್ಚಿ. ಹೋದ ಸಲ ನಾನು ಮುಚ್ಚಲಿಲ್ಲ, ಹನ್ನೆರಡು ಉಂಡೆ ಇಟ್ಟಿದ್ದೆ, ಸಂಜೆ ಹತ್ತಿ ನೋಡಿದರೆ ಒಂಬತ್ತು. ಮೂರನ್ನು ಕಾಗೆ ಒಯ್ದಿತ್ತು.